ಗುರುದೇವೀಸ್ ಸೈಕಲ್

ಹೈಟೆಕ್ ಸಿಟಿಯಲ್ಲಿ ಬೆಳಗಾದರೆ ಹೊಸದೊಂದು ಗಾಜಿನ ಕಟ್ಟಡ ಕಣ್ಣು ಬಿಡುತ್ತಿದ್ದ ಕಾಲವದು. ಅಂಥದೊಂದರಲ್ಲಿ ನೆಲ ಒರೆಸುತ್ತಿದ್ದ ಸೇಡಂ ಕಡೆಯ ಗುರುದೇವಿಗೆ ಪ್ಯಾಂಟ್ರಿ ಸೂಪರ್‌ವೈಸರ್ ಆಗುವ ಹುಚ್ಚು ಹಿಡಿಯಿತು. ಯಾರ ಡಬ್ಬಿಯನ್ನೋ ಯಾರೋ ತಿಂದು ಎಂಜಿನಿಯರುಗಳು ಫ್ರಿಜ್ಜಿನ ಮುಂದೆ ಕಿತ್ತಾಡುತ್ತಿದ್ದರು. ಡಬ್ಬಿಗಳಿಗೆ ಇಂಗ್ಲಿಷಿನಲ್ಲಿ ಹೆಸರಿನ ಚೀಟಿ ಅಂಟಿಸಿ, ಕೇಳಿದ್ದಕ್ಕೆ ಇಂಗ್ಲಿಷಿನಲ್ಲೇ ಉತ್ತರ ಕೊಡುವವರು ಬೇಕಾಗಿದ್ದರು.

ಮೈಸೂರಿನ ಅನ್ವಿತಾ ಎಂಬ ಎಂಜಿನಿಯರ್ ಊಟದ ಬಿಡುವಿನಲ್ಲಿ ಆಕೆಗೆ ಪಾಠ ಹೇಳಿದಳು. ಹೆಸರಿನ ಪಕ್ಕದಲ್ಲಿ, ತುಸು ಮೇಲೆ, ಅಪಾಸ್ಟ್ರಫಿ ಎಂಬ ಸಣ್ಣ ಕೊಕ್ಕೆ ಹಾಕಿ ಎಸ್ ಬರೆದರೆ ವಸ್ತು ಆ ಹೆಸರಿನವರದು. ‘ಹೀ ಈಸ್’ ಅನ್ನು ಅವಸರದಲ್ಲಿ ‘ಹೀಸ್’ ಮಾಡಿದಾಗಲೂ ನುಂಗಿದ ಅಕ್ಷರದ ಜಾಗಕ್ಕೆ ಅದೇ ಕೊಕ್ಕೆ. ಇಷ್ಟೇನಾ ಎಂದು ಗುರುದೇವಿ ಸರಸರ ಬರೆದಳು: ತರುಣ್ಸ್ ಡಬ್ಬಿ, ತಾರಾಸ್ ಡಬ್ಬಿ.

ಮನೆಯ ಸಾಮಾನಿನ ಮೇಲೆ ಅಭ್ಯಾಸ ಮಾಡಿಕೊಂಡು ಬಾ ಎಂದಾಗ ಪೇಚಿಗೆ ಸಿಕ್ಕಳು. ಸನತ್‌ನಗರದ ಆ ಒಂದು ಕೋಣೆಯಲ್ಲಿ ಸೈಕಲ್ಲು, ರೇಡಿಯೊ ಎಲ್ಲ ಗಂಡನವು. ಗಂಡನ ಹೆಸರು ಮಲ್ಲಣ್ಣ. ನಾವು ಹೇಳಬಹುದು, ಆಕೆ ಹೇಳುವಂತಿಲ್ಲ, ಬರೆಯುವಂತೆಯೂ ಇಲ್ಲ. ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದಂತೆ. ಊರಲ್ಲಾದರೆ ಒಡಪು ಕಟ್ಟಿ, ಪ್ರಾಸದ ನಡುವೆ ಹೆಸರು ತೂರಿಸಿ ಪಾರಾಗಬಹುದಿತ್ತು. ಇಂಗ್ಲಿಷಿನ ಒಡಪನ್ನು ಎಲ್ಲಿಂದ ತರುವುದು? ಎಲ್ಲಕ್ಕೂ ತನ್ನ ಹೆಸರನ್ನೇ ಅಂಟಿಸಿಬಿಟ್ಟಳು. ಗುರುದೇವೀಸ್ ರೇಡಿಯೊ, ಗುರುದೇವೀಸ್ ಸೈಕಲ್, ಗುರುದೇವೀಸ್ ಕಿಟಕಿ. ಬರೆಯುತ್ತ ಬರೆಯುತ್ತ ನಗು ಉಕ್ಕಿ ಬಂದು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅಷ್ಟು ಖುಷಿ ಆಕೆಗೆ ಮದುವೆಯ ದಿನವೂ ಆಗಿರಲಿಲ್ಲ. ಇಂಗ್ಲಿಷ್ ಬಾರದ ಮಲ್ಲಣ್ಣ ಮಡ್‌ಗಾರ್ಡಿನ ಚೀಟಿಯ ಸಮೇತ ಠೀವಿಯಿಂದ ಕಾರ್ಖಾನೆಗೆ ಹೋಗಿಬಂದ.

ಸಂದರ್ಶನದಲ್ಲಿ ಮ್ಯಾನೇಜರ್ ಸುಹಾಸಿನಿ ಚೀಟಿಗಳನ್ನು ನೋಡಿ ತಲೆದೂಗಿದಳು. ಆಮೇಲೆ ಇಂಗ್ಲಿಷಿನಲ್ಲಿ ಗಂಡನ ಹೆಸರು ಕೇಳಿದಳು. ಹೇಳಿದರೆ ಗಂಡನಿಗೆ ಕೇಡು, ಹೇಳದಿದ್ದರೆ ಕೆಲಸ ಕೈತಪ್ಪುತ್ತದೆ. ಸುಹಾಸಿನಿ ಮತ್ತೊಮ್ಮೆ ಕೇಳಿ, ಪೆನ್ನಿನ ಮುಚ್ಚಳ ಹಾಕತೊಡಗಿದಳು.

“ಹೀಸ್ ಗುರುದೇವೀಸ್ ಹಸ್ಬೆಂಡ್, ಮೇಡಂ.”

ಸುಹಾಸಿನಿ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಅದನ್ನೇ ಬರೆದು ತೋರಿಸು ಎಂದಳು. ಕೊಕ್ಕೆಗಳೆರಡೂ ತಮ್ಮ ತಮ್ಮ ಜಾಗದಲ್ಲಿದ್ದವು. ಸೋಮವಾರದಿಂದಲೇ ಬಾ ಎಂದಳು.

ಬಸ್ಸಿನುದ್ದಕ್ಕೂ ಗುರುದೇವಿ ಒಬ್ಬಳೇ ನಗುತ್ತಿದ್ದಳು. ಮನೆಯಲ್ಲಿ ಮಲ್ಲಣ್ಣ ಚಹಾ ಕುದಿಸಿಟ್ಟು ಕಾಯುತ್ತಿದ್ದ. ಸುದ್ದಿ ಕೇಳಿ ಹಿಗ್ಗಿಹೋದ. ಸ್ವಲ್ಪ ಹೊತ್ತಿಗೆ, ದೊಡ್ಡ ಆಫೀಸು ನೋಡು, ಎಂಬ ಗತ್ತಿನಲ್ಲಿ ಕೇಳಿದ:

“ನನ್ನ ಹೆಸರು ಕೇಳಿದ್ರೇನ?”

“ಕೇಳಿದ್ರು. ನಂದ ಹೇಳಿ ಬಂದೀನ್ರಿ.”