ಪೂಜೆಗೆ ಮುಂಚಿನ ನೀರು

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ತಂಗಿ ತನ್ನ ಕೊರಳಿನ ಲಿಂಗವನ್ನು ತೆಗೆದು ಯಾರೋ ಗುರೂಜಿಯ ಪಾದದ ಹತ್ತಿರ ಇಟ್ಟು ಬಂದ ಸುದ್ದಿ ತಿಳಿದಾಗ ನಾನು ಮದ್ರಾಸಿನ ಪುರಸೈವಾಕ್ಕಂನ ಪಾತ್ರೆ ಅಂಗಡಿಯಲ್ಲಿ ಇಡ್ಲಿ ಕುಕ್ಕರು ಆರಿಸುತ್ತಿದ್ದೆ. ಅವಳೇ ಫೋನು ಮಾಡಿ, ಹಳೆಯ ಚಪ್ಪಲಿ ಬಿಟ್ಟವಳಂತೆ ತಣ್ಣಗೆ ಹೇಳಿದಳು. ನಾನು ಬಾಯಿಗೆ ಬಂದಂತೆ ಬೈದೆ. ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಬೈದದ್ದು ಕನ್ನಡದಲ್ಲಿ, ಅದೊಂದರಿಂದ ಮಾನ ಉಳಿಯಿತು.

ನಮ್ಮದು ಗದಗದ ಕಡೆಯ ಲಿಂಗಾಯತರ ಮನೆ. ಅಪ್ಪ ಬಟ್ಟೆ ವ್ಯಾಪಾರಕ್ಕೆಂದು ಮದ್ರಾಸಿಗೆ ಬಂದವರು ಇಲ್ಲೇ ನಿಂತರು. ನಮ್ಮಲ್ಲಿ ಮಗು ಹುಟ್ಟಿದ ಕೂಡಲೇ ಅಯ್ಯನವರು, ಅಂದರೆ ನಮ್ಮ ಪುರೋಹಿತರು, ಬಂದು ಲಿಂಗ ಕಟ್ಟುತ್ತಾರೆ. ಅದು ಮೈಮೇಲಿರಬೇಕು, ಸತ್ತಾಗ ಅಂಗೈಯಲ್ಲಿಟ್ಟೇ ಮಣ್ಣು ಮಾಡುತ್ತಾರೆ. ಅವ್ವ ದಿನಾ ಸ್ನಾನ ಮಾಡಿ, ಎಡಗೈಯಲ್ಲಿ ಲಿಂಗ ಹಿಡಿದು ಪೂಜೆ ಮಾಡುವತನಕ ಒಂದು ಗುಟುಕು ನೀರೂ ಕುಡಿಯುವುದಿಲ್ಲ. ಜ್ವರ ಬಂದಾಗಲೂ ಮಾತ್ರೆಯನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಪೂಜೆ ಮುಗಿಯಲೆಂದು ಕಾಯುತ್ತಿದ್ದುದನ್ನು ನಾನು ನೋಡಿದ್ದೇನೆ. ಅಪ್ಪ ಹೋದ ಮೇಲೆ ಅವ್ವ ನನ್ನ ಜೊತೆಗೇ ಇದ್ದಾಳೆ.

ತಂಗಿಯದೇ ತಪ್ಪೆಂದು ಹೇಳಲಾರೆ. ಮದುವೆ ಮುರಿದ ಮೇಲೆ ಅವಳು ಶೋಳಿಂಗನಲ್ಲೂರಿನಲ್ಲಿ ಆಫೀಸಿನ ಹತ್ತಿರ ಒಂಟಿಯಾಗಿ ಮನೆ ಮಾಡಿದ್ದಳು. ನಾವು ವಾರಕ್ಕೊಮ್ಮೆ ಫೋನು ಮಾಡಿ ಬುದ್ಧಿ ಹೇಳುತ್ತಿದ್ದೆವು. ಗುರೂಜಿಯ ಕಡೆಯವರು ದಿನಾ ಫೋನು ಮಾಡಿ ಊಟವಾಯಿತೇ ಎಂದು ಕೇಳುತ್ತಿದ್ದರು. ಮೊದಮೊದಲು ಉಸಿರಾಟದ ಅಭ್ಯಾಸ, ಭಜನೆ ಅಂದಳು. ನಿದ್ದೆ ಬರುತ್ತಿದೆ ಅಂದಾಗ ನಾವೂ ಸಂತೋಷಪಟ್ಟೆವು. ಆಮೇಲೆ ಕಾಫಿ ಬಿಟ್ಟಳು, ಹಬ್ಬಕ್ಕೆ ಬರುವುದನ್ನು ಬಿಟ್ಟಳು, ತನ್ನ ಮನೆ ಬಿಟ್ಟು ಅವರದೇ ಅಪಾರ್ಟ್‌ಮೆಂಟಿಗೆ ಹೋದಳು. ಕೊನೆಗೆ ಲಿಂಗ.

ನನಗೆ ತಡೆಯಲಾಗಲಿಲ್ಲ. ಜನರನ್ನು ಬಲೆಗೆ ಹಾಕಿಕೊಳ್ಳುವ ಪಂಥಗಳ ಲಕ್ಷಣಗಳೇನು ಎಂದು ಇಂಟರ್ನೆಟ್ಟಿನಲ್ಲಿ ಹುಡುಕಿ, ಸಿಕ್ಕ ಪಟ್ಟಿಯನ್ನು ಅವಳಿಗೆ ವಾಟ್ಸಾಪ್ ಮಾಡಿದೆ. 'ಇದು ಧರ್ಮ ಅಲ್ಲ, ಕಣ್ಣು ತೆರೆದು ಓದು' ಎಂದು ಕೆಳಗೆ ಬರೆದೆ. ಎರಡು ದಿನ ಬಿಟ್ಟು ಉತ್ತರ ಬಂತು. ನನ್ನ ಪಟ್ಟಿಯನ್ನೇ ಇಟ್ಟುಕೊಂಡು ಒಂದೊಂದಕ್ಕೂ ನಮ್ಮ ಮನೆಯ ಉದಾಹರಣೆ ಕೊಟ್ಟಿದ್ದಳು. ಪ್ರಶ್ನೆ ಕೇಳಬಾರದು: ಅಪ್ಪನಿಗೆ ನಾವು ಎಂದಾದರೂ ಕೇಳಿದ್ದೆವಾ? ಹೊರಗಿನವರ ಕೈಯ ನೀರು ಕುಡಿಯಬಾರದು: ಅಜ್ಜಿ. ಬಿಟ್ಟುಹೋದವರ ಜೊತೆ ಮಾತಾಡಬಾರದು: ನೀನೇ, ಅಕ್ಕ.

ನಾನು ಮದುವೆಯಾದದ್ದು ಜೊತೆಗೆ ಓದಿದ ತಮಿಳು ಹುಡುಗನನ್ನು, ಲಿಂಗವಿಲ್ಲದವನನ್ನು. ಎರಡು ವರ್ಷಕ್ಕಿಂತ ಹೆಚ್ಚು ಕಾಲ ತವರಿನಿಂದ ಯಾರೂ ನನ್ನ ಮನೆಯ ಹೊಸ್ತಿಲು ತುಳಿಯಲಿಲ್ಲ. ಮಗಳು ಹುಟ್ಟಿ, ನಡೆಯಲು ಕಲಿತ ಮೇಲೆ ಬಂದರು. ಅದೆಲ್ಲ ಅಪ್ಪನ ಹಟ ಎಂದು ನನಗೆ ನಾನೇ ಹೇಳಿಕೊಂಡು, ಅವರು ಹೋದಾಗ ಅವರ ಮೇಲಿನ ಸಿಟ್ಟನ್ನೂ ಜೊತೆಗೇ ಕಳಿಸಿಬಿಟ್ಟಿದ್ದೆ.

ಅವ್ವ ಮಾತ್ರ ಒಂದೂ ಮಾತು ಬೈಯಲಿಲ್ಲ. 'ನಾ ಆಕೀನ್ನ ನೋಡಬೇಕು' ಎಂದಳು, ಅಷ್ಟೆ. ಗುರೂಜಿಯ ಅಪಾರ್ಟ್‌ಮೆಂಟಿನಲ್ಲಿ ಮನೆಯವರನ್ನು ನೋಡಲು ಬಿಡುವುದು ತಿಂಗಳಲ್ಲಿ ಒಂದು ದಿನ, ಬೆಳಿಗ್ಗೆ ಆರರಿಂದ ಆರೂವರೆ. ಅವ್ವನ ಸ್ನಾನ, ಪೂಜೆ ಎಂದರೆ ಒಂದು ಗಂಟೆ. ನಮ್ಮ ಮನೆಯಿಂದ ಅಲ್ಲಿಗೆ ಇನ್ನೊಂದು ಗಂಟೆ. ನಸುಕಿನಲ್ಲೆದ್ದು ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ ಮಾಡುವಷ್ಟರಲ್ಲೇ ಐದಾಗಿತ್ತು, ಪೂಜೆಯನ್ನು ಮನೆಗೆ ಬಂದು ಮಾಡುತ್ತೇನೆ ಎಂದು ಅವ್ವ ಬುತ್ತಿ ಕಟ್ಟಿಕೊಂಡು ಕಾರು ಹತ್ತಿದಳು. ದಾರಿಯುದ್ದಕ್ಕೂ ಆಫೀಸು ಕ್ಯಾಬುಗಳು ನಮ್ಮನ್ನು ಹಿಂದೆ ಹಾಕಿ ಹೋದವು.

ಗೇಟಿನ ಒಳಗಿನ ಒಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಅವ್ವನನ್ನು ಕೂಡಿಸಿದರು. ತಂಗಿ ಬಂದಳು. ಸೊರಗಿದ್ದಳು. ಅವಳ ಹಿಂದೆ ಬಿಳಿ ಸೀರೆಯ ಹೆಂಗಸೊಬ್ಬಳು ಬಂದು, ನಮ್ಮ ಮಾತೆಲ್ಲ ಕೇಳುವಷ್ಟು ಹತ್ತಿರ ನಿಂತಳು. ಅವ್ವ ಬುತ್ತಿ ಕೊಡಹೋದರೆ, 'ವೆಳಿ ಸಾಪ್ಪಾಡು ಕೂಡಾದು ಮ್ಮಾ' ಎಂದು ಆಕೆ ನಗುತ್ತಲೇ ತಡೆದಳು. ಹೊರಗಿನ ಊಟ ಸಲ್ಲದಂತೆ. ಬುತ್ತಿಗೆ ಚಾಚಿದ್ದ ತಂಗಿಯ ಕೈ ಹಿಂದಕ್ಕೆ ಹೋಯಿತು. ನನಗೆ ಮೈಯೆಲ್ಲ ಉರಿಯಿತು. ಆದರೆ ಅವ್ವ ನನ್ನ ಮೊಣಕೈ ಹಿಡಿದು ಅದುಮಿದಳು.

'ಆತು, ನಿಮ್ಮದ ಉಣ್ಣು,' ಅಂದಳು ತಂಗಿಗೆ. 'ನನಗ ನೀರಡಿಕಿ ಆಗೇದ. ಒಂದೀಟು ನೀರು ತಂದು ಕೊಡ್ತೀ?'

ತಂಗಿ ಒಳಗೆ ಹೋಗಿ ಸ್ಟೀಲು ಲೋಟದಲ್ಲಿ ನೀರು ತಂದಳು. ಕೊಡುವಾಗ ಅವಳಿಗೆ ಹೊಳೆಯಿತು.

'ಅವ್ವಾ, ನಿಂದು ಪೂಜಿ ಆಗೇದೇನು?'

'ಇಲ್ಲ. ಹೋಗಿ ಮಾಡ್ತೀನಿ. ಕೊಡು.'

ಅವ್ವ ಆ ನೀರನ್ನು ಪೂರ್ತಿ ಕುಡಿದಳು. ಅವಳು ಪೂಜೆಗೆ ಮುಂಚೆ ನೀರು ಕುಡಿದದ್ದನ್ನು ನಾವಿಬ್ಬರೂ ಹುಟ್ಟಿದಾಗಿನಿಂದ ನೋಡಿರಲಿಲ್ಲ. ತಂಗಿ ಖಾಲಿ ಲೋಟ ಹಿಡಿದುಕೊಂಡು ನಿಂತಳು. ಬಿಳಿ ಸೀರೆಯವಳು ಸಮಯವಾಯಿತು ಎಂದಳು. ಅವ್ವ ಎದ್ದು ಮಗಳ ಹಣೆ ಸವರಿ ಬಂದಳು. ಮನೆಗೆ ಬಂದು ಸ್ನಾನ ಮಾಡಿ, ದಿನದಂತೆಯೇ ವಿಭೂತಿ ಹಚ್ಚಿಕೊಂಡು ಪೂಜೆಗೆ ಕೂತಳು.

ಮೂರು ವಾರದ ಮೇಲೆ ತಂಗಿಯ ಫೋನು ಬಂತು. ಯಾವುದೋ ಅಂಗಡಿಯವರ ಫೋನಿನಿಂದ ಮಾತಾಡುತ್ತಿದ್ದಳು.

'ಅಕ್ಕಾ, ನಾ ಬಂದ್ರ ಅವ್ವ ಒಳಗ ಕರ್ಕೋತಾಳೇನು? ಲಿಂಗ ಅವರು ತಿರುಗಿ ಕೊಡಲಿಲ್ಲ.'

'ನೀ ಬಾ ಮೊದಲು' ಎಂದೆ. ಹಾಗೆಂದವಳು ಸುಮ್ಮನಿರಬಹುದಿತ್ತು. ಸುಮ್ಮನಿರುವುದು ನನ್ನ ಜಾತಕದಲ್ಲೇ ಇಲ್ಲ. ಲಿಂಗ ಕಳೆದುಕೊಂಡವರು ಹೊಸದನ್ನು ಕಟ್ಟಿಸಿಕೊಳ್ಳುವತನಕ ಉಣ್ಣುವ ಹಾಗಿಲ್ಲ ಎಂಬುದು ಅವ್ವನ ಬಾಯಿಂದಲೇ ಕೇಳಿದ್ದ ನಿಯಮ. ಅವ್ವನಿಗೆ ನೋವಾಗದಿರಲಿ, ಬಂದ ಕೂಡಲೇ ಅದೊಂದು ಮುಗಿದುಹೋಗಲಿ ಎಂದು ಅಯ್ಯನವರನ್ನು ಕರೆಸಿದೆ. ತಂಗಿ ಒಂದು ಚೀಲ ಹಿಡಿದು ಬಾಗಿಲಿಗೆ ಬಂದಾಗ ಅವರು ಹೊಸ ಲಿಂಗ, ಅದನ್ನು ಕಟ್ಟುವ ಶಿವದಾರ, ವಿಭೂತಿ ಎಲ್ಲ ಹರಡಿಕೊಂಡು ಪಡಸಾಲೆಯಲ್ಲಿ ಕೂತಿದ್ದರು. ಅವರನ್ನು ಕಂಡು ಅವಳು ಚಪ್ಪಲಿ ಬಿಡದೆ ಅಲ್ಲೇ ನಿಂತುಬಿಟ್ಟಳು. ನನ್ನ ತಪ್ಪು ನನಗೆ ತಿಳಿದದ್ದು ಆಗ. ಒಂದು ಕಡೆಯಿಂದ ಓಡಿಬಂದವಳನ್ನು ಇನ್ನೊಂದು ಕಡೆ ಸಾಲಿಗೆ ನಿಲ್ಲಿಸಲು ಹೊರಟಿದ್ದೆ.

ಅವ್ವ ಅಡುಗೆಮನೆಯಿಂದ ತಟ್ಟೆ ಹಿಡಿದೇ ಬಂದಳು. 'ಕೈ ತೊಳಕೊಂಡು ಬಾ. ಮೊದಲ ಉಣ್ಣು' ಅಂದಳು.

'ಅವ್ವಾ, ನನ್ನ ಕೊರಳಾಗ...'

'ಗೊತ್ತದ. ಉಣ್ಣು.'

ನಾನು ಅಯ್ಯನವರ ಮುಖ ನೋಡಿದೆ. ವಯಸ್ಸಾದವರು. ಅವರು ತಂದದ್ದನ್ನೆಲ್ಲ ಮತ್ತೆ ಬಟ್ಟೆಯಲ್ಲಿ ಕಟ್ಟಿಕೊಳ್ಳುತ್ತಿದ್ದರು. 'ಉಣ್ಣಲಿ ತಾಯಿ. ಆಕೀಗೆ ಬೇಕು ಅನಿಸಿದಾಗ ಒಂದು ಫೋನ್ ಮಾಡ್ರಿ, ನಾ ಬರ್ತೀನಿ. ಅನಿಸಲಿಲ್ಲಂದ್ರ ಹಂಗ ಊಟಕ್ಕರ ಕರೀರಿ' ಎಂದರು. ತಂಗಿ ಅಳುತ್ತಲೇ ಮೂರು ರೊಟ್ಟಿ ತಿಂದಳು. ಲಿಂಗ ಅವಳು ಇನ್ನೂ ಕಟ್ಟಿಸಿಕೊಂಡಿಲ್ಲ. ಅವ್ವ ಕೇಳಿಯೂ ಇಲ್ಲ. ಧರ್ಮ ಯಾವುದು, ಪಂಥ ಯಾವುದು ಎಂದು ಈಗ ಯಾರಾದರೂ ಕೇಳಿದರೆ ನಾನು ಮೊದಲಿನಷ್ಟು ಜೋರಾಗಿ ಮಾತಾಡುವುದಿಲ್ಲ.

ಅವತ್ತು ಮಧ್ಯಾಹ್ನ ತಂಗಿ ಒಳಗೆ ಮಲಗಿದ್ದಳು. ಅವ್ವ ಪಾತ್ರೆ ಒರೆಸಿ ಕೊಡುತ್ತಿದ್ದಳು, ನಾನು ಜೋಡಿಸುತ್ತಿದ್ದೆ. ನನಗೆ ಸಂತೋಷದ ಜೊತೆಗೆ ಹೊಟ್ಟೆಕಿಚ್ಚೂ ಆಗಿತ್ತು, ಸುಳ್ಳೇಕೆ ಹೇಳಲಿ.

'ಅಪ್ಪ ಇದ್ದಿದ್ರ ಇಷ್ಟು ಸರಳ ಆಗ್ತಿರಲಿಲ್ಲ ಬಿಡು' ಎಂದೆ. 'ನನಗ ಎರಡು ವರ್ಷ ಬಾಗಲಾ ಹಾಕಿದ್ರು.'

ಅವ್ವ ಒರೆಸುವುದನ್ನು ನಿಲ್ಲಿಸಿದಳು. 'ನಿಮ್ಮಪ್ಪ ಆರು ತಿಂಗಳಿಗೇ ಹೋಗೂಣು ನಡಿ ಅಂದಿದ್ದರು. ಬ್ಯಾಡ ಅಂದಾಕಿ ನಾನು. ಮೈಲಿಗಿ ಆಗ್ತದ ಅಂತ ಅಂಜಿದ್ದೆ.'

ಇಷ್ಟು ವರ್ಷ ಅಪ್ಪನ ಮೇಲೆ ಹೊರಿಸಿದ್ದನ್ನೆಲ್ಲ ಇಳಿಸಿ ಎಲ್ಲಿಡಬೇಕೋ ನನಗೆ ತಿಳಿಯಲಿಲ್ಲ. ಅವ್ವ ನನ್ನ ಕಡೆ ನೋಡದೆ ತಟ್ಟೆಯ ಅಂಚನ್ನೇ ಸವರುತ್ತಿದ್ದಳು.

'ಒಂದು ಮಾತು ಕೇಳಬೇಕಂತ ಭಾಳ ವರ್ಷದಿಂದ ಐತಿ,' ಅಂದಳು. 'ನೀ ಬಾಣಂತಿ ಇದ್ದಾಗ ನಿನಗ ಯಾರು ಎರದ್ರು?'

ಬಾಣಂತಿಗೆ ಎಣ್ಣೆ ಹಚ್ಚಿ ಬಿಸಿನೀರು ಎರೆಯುವುದು ತವರಿನ ತಾಯಿಯ ಕೆಲಸ.

'ಅತ್ತಿ ಎರದ್ರು.'

'ನೀರು ಚಲೋ ಕಾಸಿ ಎರೀತಿದ್ರೇನು?'

'ಚಲೋ ಕಾಸಿ ಎರೀತಿದ್ರು ಅವ್ವಾ' ಎಂದೆ. ಅವ್ವ ತಲೆಯಾಡಿಸಿದಳು, ಆಮೇಲೆ ಕಟ್ಟೆ ಹಿಡಿದುಕೊಂಡು ಅತ್ತಳು.