ದೊಡ್ಡಬಸಪ್ಪನವರ ಕರಗುವ ಮೊಳೆ

ಸಿರುಗುಪ್ಪದ ನಮ್ಮ ಓಣಿಯಲ್ಲಿ ಮಡಿ ಎಂದರೆ ದೊಡ್ಡಬಸಪ್ಪನವರದು. ಅಕ್ಕಿ ಗಿರಣಿಯ ಧಣಿ, ಕೊರಳಲ್ಲಿ ಲಿಂಗದ ಬೆಳ್ಳಿ ಕರಡಿಗೆ, ಬಾಯಿ ಬಿಟ್ಟರೆ ಶುದ್ಧಿಯ ಉಪದೇಶ. ಕುರುಗೋಡಿನ ದೊಡ್ಡಬಸವಣ್ಣನಿಗೆ, ಆ ಕಲ್ಲಿನ ಮಹಾನಂದಿಗೆ, ಹರಕೆ ಹೊತ್ತು ಹೆತ್ತ ಮಗನೆಂದು ಆ ಹೆಸರು. ಶಾಬುದ್ದೀನನೆಂಬ ಬಡವ ಸತ್ತ ದನಗಳ ಎಲುಬು ಆಯ್ದು ಗೊಬ್ಬರದ ಕಾರ್ಖಾನೆಗೆ ಮಾರುತ್ತಿದ್ದ. ಅವನ ಬಂಡಿ ಕಂಡರೆ ಸಾಕು, ಇವರು ಜಗಲಿಯಿಂದಲೇ ಗುಡುಗುತ್ತಿದ್ದರು.

"ಲೇ, ಬಸವಣ್ಣನ ಎಲುಬು ನನ್ನ ಮನಿ ಮುಂದ ತರಬ್ಯಾಡಂತ ಎಷ್ಟು ಸಲ ಹೇಳಬೇಕಲೇ?"

ಆಮೇಲೆ ಬೀದಿಗೆಲ್ಲ ಸಗಣಿ ನೀರು. ಶಾಬುದ್ದೀನ ಬಂಡಿ ತಿರುಗಿಸಿ ಊರು ಸುತ್ತಿ ಹೋಗುತ್ತಿದ್ದ. ನನಗೆ ಮೈ ಉರಿಯುತ್ತಿತ್ತು. ಆದರೆ ನಾನು ಅದೇ ಗಿರಣಿಯ ಗುಮಾಸ್ತ.

ಎಂಬತ್ತೇಳನೇ ಇಸವಿಯಲ್ಲಿ ಸಿರಿಗೇರಿ ರಸ್ತೆಯಲ್ಲಿ ಸ್ಕೂಟರಿನಿಂದ ಬಿದ್ದು ಧಣಿಯ ಕಾಲು ಮುರಿಯಿತು. ಉಕ್ಕಿನ ಪಟ್ಟಿ ಹಾಕಿದರೂ ಎಲುಬು ಕೂಡಲಿಲ್ಲ, ಕೀವಾಯಿತು. ಕಾಲನ್ನೇ ತೆಗೆಯುವ ಮಾತು ಬಂತು. ಆಗ ಬಳ್ಳಾರಿಯ ಪಾರ್ವತಿನಗರದ ಡಾಕ್ಟರ್ ಚಿದಾನಂದಪ್ಪ ಒಂದು ಹೊಸ ದಾರಿ ಹೇಳಿದರು. ಮೈಯೊಳಗೆ ತಾನೇ ಕರಗಿ ಹೋಗುವ ಮೊಳೆ. ಅದಕ್ಕೆ ಎಲುಬು ಬೆಳೆಸುವ ಸತ್ವ ಅಂಟಿಸಿರುತ್ತಾರೆ. ಇನ್ನೂ ಪ್ರಯೋಗದಲ್ಲಿದೆ, ವಿದೇಶದ ಗೆಳೆಯನಿಂದ ತರಿಸಬೇಕು, ಗ್ಯಾರಂಟಿ ಇಲ್ಲ ಎಂದೂ ಹೇಳಿದರು.

ಧಣಿ ಹಿಗ್ಗಿಹೋದರು. ನೋಡಲು ಬಂದವರಿಗೆಲ್ಲ ಅದೇ ಪುರಾಣ: "ನಿಮ್ಮಂಗ ಕಬ್ಬಿಣ ಹೊತ್ಕೊಂಡು ತಿರಗಾಕ ನನಗೇನು ಕರ್ಮ? ಎಲ್ಲಾ ಕರಗತೈತಿ. ಮೈ ಶುದ್ಧ!"

ಆಪರೇಷನ್ನಿನ ಹಿಂದಿನ ದಿನ ಡಾಕ್ಟರು ಮಂಚದ ಪಕ್ಕ ಕುಳಿತರು. ನಾನು ಎಳನೀರು ಹಿಡಿದು ನಿಂತಿದ್ದೆ.

"ಒಂದು ಮಾತು ಹೇಳಿಬಿಡ್ತೀನ್ರಿ. ಆ ಸತ್ವ ಎತ್ತಿನ ಎಲುಬಿಂದ ತೆಗೆದದ್ದು. ಬ್ಯಾಡಂದ್ರ ಬಿಡೋಣು."

ಧಣಿ ಕರಡಿಗೆ ಮುಟ್ಟಿಕೊಂಡರು. ಕಾಲು ನೋಡಿಕೊಂಡರು. ಅಷ್ಟು ದೊಡ್ಡ ಧರ್ಮಸಂಕಟ ಎಳನೀರು ಮುಗಿಯುವಷ್ಟರಲ್ಲಿ ಮುಗಿದುಹೋಯಿತು.

"ಹಾಕ್ರಿ. ನಮ್ಮಾಕಿಗೆ ಮಾತ್ರ ಯಾವುದೋ ಬೇರಿನ ಸತ್ವ ಅಂತ ಹೇಳ್ರಿ." ಆಮೇಲೆ ನನ್ನ ಕಡೆ ಕಣ್ಣು ಬಿಟ್ಟರು. "ನೀ ಏನೂ ಕೇಳಿಲ್ಲ."

ಎಲುಬು ಕೂಡಿತು. ಧಣಿ ಕೋಲೂರಿ ಮತ್ತೆ ಜಗಲಿಗೆ ಬಂದು ಕುಳಿತ ದಿನವೇ, ಅವರಿನ್ನೂ ಆಸ್ಪತ್ರೆಯಲ್ಲಿದ್ದಾರೆಂದುಕೊಂಡು ಶಾಬುದ್ದೀನ ಬಂಡಿ ಹೊಡೆದುಕೊಂಡು ಬಂದುಬಿಟ್ಟ. ಓಣಿಯೆಲ್ಲ ಗುಡುಗಿಗೆ ಕಾದಿತ್ತು. ಧಣಿ ಪೇಪರ್ ಎತ್ತಿ ಮುಖಕ್ಕೆ ಅಡ್ಡ ಹಿಡಿದರು. ನೋವುಂಡು ಮನುಷ್ಯ ಮೆತ್ತಗಾದ ಎಂದು ಜನ ಹೊಗಳಿದರು. ನಾನು ತುಟಿ ಕಚ್ಚಿಕೊಂಡೆ.

ಹೆಂಡತಿ ಚನ್ನವೀರಮ್ಮ ಹರಕೆ ಹೊತ್ತಿದ್ದರು. ಎಲ್ಲರೂ ಕುರುಗೋಡಿಗೆ ಹೋದೆವು. ಗುಡಿಯೊಳಗೆ ಆ ದೊಡ್ಡ ನಂದಿಯ ಮುಂದೆ ಆಕೆ ಕಣ್ಣೊರೆಸಿಕೊಂಡು ಅಂದರು, "ಬಸವಣ್ಣನೇ ನಿಮಗ ಕಾಲು ಕೊಟ್ಟಾನ ನೋಡ್ರಿ. ಅಡ್ಡಬೀಳ್ರಿ."

ಮದುವೆಯಾದಾಗಿನಿಂದ ಹೆಂಡತಿಯ ಒಂದು ಮಾತನ್ನೂ ಒಪ್ಪದ ಮನುಷ್ಯ ಅವತ್ತು ತಲೆ ಎತ್ತದೆ, "ಹೌದು," ಎಂದರು.