ಮೊರದಲ್ಲಿ ಜೋಡಿಸಿದ ಮಾತು

ಜಗಳೂರಿನಲ್ಲಿ ಜಂಪಣ್ಣನ ಮುಖ ಗೊತ್ತಿಲ್ಲದವರು ಇರಬಹುದು, ದನಿ ಗೊತ್ತಿಲ್ಲದವರು ಯಾರೂ ಇರಲಿಲ್ಲ. ಬಾಡಿಗೆ ಆಟೋದ ಹಿಂದಿನ ಸೀಟಿನಲ್ಲಿ ಕೂತು, ಮೈಕನ್ನು ತುಟಿಗೆ ತಾಗಿಸಿಕೊಂಡು, "ಜಗಳೂರು ಪಟ್ಟಣದ ಮಹಾಜನರಲ್ಲಿ ವಿನಂತಿ" ಎಂದು ಅವನು ಶುರು ಮಾಡಿದರೆ ಒಲೆ ಮುಂದಿದ್ದವರೂ ಬಾಗಿಲಿಗೆ ಬರುತ್ತಿದ್ದರು. ನಾಳೆ ಕರೆಂಟ್ ಇರುವುದಿಲ್ಲ, ಕಣ್ಣಿನ ತಪಾಸಣೆ ಉಚಿತ, ಇಂಥವರ ಎಮ್ಮೆ ಕಳೆದಿದೆ, ಇಂಥವರು ತೀರಿಕೊಂಡಿದ್ದಾರೆ, ಎಲ್ಲವೂ ಊರಿಗೆ ತಿಳಿಯುತ್ತಿದ್ದುದು ಅವನ ಬಾಯಿಂದ. ಹೆಂಡತಿ ಚೌಡಕ್ಕನಿಗೆ ಅದರಿಂದ ಒಂದು ಅಭ್ಯಾಸ ಅಂಟಿಕೊಂಡಿತ್ತು. ಅರ್ಧಂಬರ್ಧ ಕೇಳಿಸಿಕೊಂಡ ಓಣಿಯ ಹೆಂಗಸರು ನಿಮ್ಮ ಯಜಮಾನರು ಏನೆಂದರು ಎಂದು ಆಮೇಲೆ ಅವಳನ್ನೇ ಕೇಳಲು ಬರುತ್ತಿದ್ದರು. ಹಾಗಾಗಿ ಗಂಡನ ದನಿ ಕೇಳಿದ ಕೂಡಲೇ ಕೈಯಲ್ಲಿದ್ದದ್ದನ್ನು ಹಾಗೇ ಹಿಡಿದು, ಮಾತು ಮುಗಿಯುವವರೆಗೆ ಅವಳು ನಿಂತುಬಿಡುತ್ತಿದ್ದಳು.

ಹೋದ ಯುಗಾದಿ ಕಳೆದು ಸ್ವಲ್ಪ ದಿನಕ್ಕೆ ಜಂಪಣ್ಣನಿಗೆ ಲಕ್ವ ಹೊಡೆಯಿತು. ಬಲಗೈ ಬಲಗಾಲು ಸೋತವು. ಅದಕ್ಕಿಂತ ಕೆಟ್ಟದ್ದೆಂದರೆ ಮಾತು ದಾರಿ ತಪ್ಪಿತು. ತಲೆಯೊಳಗೆ ಸರಿಯಾಗಿಯೇ ಇದ್ದದ್ದು ಬಾಯಿಗೆ ಬರುವಷ್ಟರಲ್ಲಿ ಬೇರೆಯಾಗುತ್ತಿತ್ತು. ನೀರು ಕೇಳಲು ಹೋದರೆ ಅನ್ನ ಎನ್ನುತ್ತಿದ್ದ, ಮೊಮ್ಮಗಳನ್ನು ಕರೆಯಲು ಹೋದರೂ ಅನ್ನ ಎನ್ನುತ್ತಿದ್ದ. ಊರಿನ ಸುದ್ದಿಯನ್ನೆಲ್ಲ ಹೊತ್ತ ನಾಲಿಗೆಗೆ ದೇವರು ಒಂದೇ ಪದ ಬಿಟ್ಟು ಹೋಗುವುದಾದರೆ, ಇನ್ನೂ ಸ್ವಲ್ಪ ಕೆಲಸಕ್ಕೆ ಬರುವಂಥದ್ದನ್ನಾದರೂ ಬಿಡಬಾರದಿತ್ತೇ? ಜಂಪಣ್ಣ ಬಾಯಿ ಮುಚ್ಚಿಕೊಂಡು, ಗೋಡೆ ನೋಡುತ್ತ ಮಲಗತೊಡಗಿದ.

ಅವನನ್ನು ಎಬ್ಬಿಸಿ ಕೂರಿಸಿದ್ದು ಸೊಸೆ ಮಮತಾ. ಅವಳು ಅಂಗನವಾಡಿ ಟೀಚರು. ಪದಗಳನ್ನು ಕತ್ತರಿಸಿ, ಕಲಸಿ, ಮಕ್ಕಳ ಕೈಯಲ್ಲಿ ಹಾಡು ಕಟ್ಟಿಸುವ ಆಟವೊಂದನ್ನು ಅವಳು ತರಬೇತಿಯಲ್ಲಿ ಕಲಿತು ಬಂದಿದ್ದಳು. ಅಟ್ಟದ ಮೇಲೆ ಮಾವ ಓದಿ ಎಸೆದ ಕರಪತ್ರ, ಚೀಟಿಗಳು ರಾಶಿ ಬಿದ್ದಿದ್ದವು. ಅವನ್ನೇ ಪದಪದವಾಗಿ ಕತ್ತರಿಸಿ ಮೊರದಲ್ಲಿ ಹರಡಿ, ಮಗಳು ಚೈತ್ರಶ್ರೀಯನ್ನೂ ಮಾವನನ್ನೂ ಎದುರುಬದುರು ಕೂರಿಸಿದಳು.

ಜಂಪಣ್ಣನಿಗೆ ಓದು ಪೂರ್ತಿ ಉಳಿದಿರಲಿಲ್ಲ. ಆದರೂ ವರ್ಷಗಟ್ಟಲೆ ಕೂಗಿ ಹೇಳಿದ ಆ ಪದಗಳ ಮುಖಪರಿಚಯ ಉಳಿದಿತ್ತು. ಎಡಗೈಯಲ್ಲಿ ಒಂದೊಂದೇ ಚೂರು ಎತ್ತಿ ಇಟ್ಟ. ಎಮ್ಮೆ ಉಚಿತ, ಮಹಾಜನರು ಕಳೆದಿದೆ, ತಪ್ಪದೇ ಬನ್ನಿ. ಚೈತ್ರಶ್ರೀ ಓದಿ ಬಿದ್ದು ಬಿದ್ದು ನಕ್ಕಳು. ಎದುರು ಮನೆಯ ಚಿಕ್ಕಹನುಮಂತಪ್ಪ, ಜಂಪಣ್ಣನಿಗಿಂತ ಹಿರಿಯ, ಕೋಲೂರಿಕೊಂಡು ಬಂದು ತಾನೂ ಒಂದು ಸಾಲು ಜೋಡಿಸಿದ. ಸಂಜೆಯಾದರೆ ಓಣಿಯ ಮಕ್ಕಳು ಮುದುಕರೆಲ್ಲ ಮೊರದ ಸುತ್ತ ಸೇರತೊಡಗಿದರು. ಬಾಯಲ್ಲಿ ತಪ್ಪಾಗುತ್ತಿದ್ದದ್ದು ಮೊರದಲ್ಲಿ ತಪ್ಪಾಗುತ್ತಿರಲಿಲ್ಲ, ಕವನವಾಗುತ್ತಿತ್ತು. ಜಂಪಣ್ಣನಿಗೆ ಮತ್ತೆ ಹಸಿವಾಗತೊಡಗಿತು, ನಗು ಬರತೊಡಗಿತು.

ಒಂದು ಸಲ ಮಾತ್ರ ಅವನ ಎದೆ ಝಲ್ಲೆಂದಿತ್ತು. ಕಣ್ಣು ಉರಿಯುತ್ತಿದೆ ಎಂದು ನಿಜವಾಗಿ ಹೇಳಲೆಂದೇ ಅವನು ಕಣ್ಣು, ಬೆಂಕಿ ಎಂದು ಜೋಡಿಸಿದ್ದ. ಎಲ್ಲರೂ ವಾಹ್ ಎಂದು ಚಪ್ಪಾಳೆ ಹೊಡೆದರು. ಕಣ್ಣಿಗೆ ಔಷಧಿ ಬೀಳಲು ಎರಡು ದಿನ ಹಿಡಿಯಿತು. ಅದನ್ನು ಅವನು ಮರೆಯಲು ನೋಡಿದ.

ಆವತ್ತು ರಾತ್ರಿಯಿಡೀ ಮಳೆ ಹನಿದು ಬೆಳಿಗ್ಗೆ ಹೊಳವಾಗಿತ್ತು. ಚೌಡಕ್ಕ ಬಟ್ಟೆ ಒಗೆಯಲು ಓಣಿಯ ಕೊನೆಯ ನೀರಿನ ಟ್ಯಾಂಕಿಗೆ ಹೋಗಿದ್ದಳು. ಜಂಪಣ್ಣ ಕಾಲೆಳೆದುಕೊಂಡು ಹಿತ್ತಲಿಗೆ ಹೋಗಿ ಒದ್ದೆ ಟವೆಲನ್ನು ತಂತಿಯ ಮೇಲೆ ಹಾಕಲು ಎಡಗೈ ಎತ್ತಿದ. ಏನೋ ಅವನನ್ನು ಹಿಡಿದು ಜಾಡಿಸಿ ಎಸೆಯಿತು. ನೆಲದ ಮೇಲೆ ಬಿದ್ದು ಮೇಲೆ ನೋಡಿದಾಗ ತಿಳಿಯಿತು. ಕಂಬದಿಂದ ಮನೆಗೆ ಬರುವ ವೈರು ಬಚ್ಚಲುಮನೆಯ ತಗಡಿಗೆ ಉಜ್ಜಿ ಉಜ್ಜಿ ಸಿಪ್ಪೆ ಸುಲಿದಿತ್ತು. ಬಟ್ಟೆಯ ತಂತಿಯ ಒಂದು ತುದಿ ಆ ತಗಡಿಗೇ ಕಟ್ಟಿದ್ದು. ಇನ್ನೇನು ಚೌಡಕ್ಕ ಬಕೆಟ್ ತುಂಬ ಒದ್ದೆ ಬಟ್ಟೆ ಹೊತ್ತು ಬರುತ್ತಾಳೆ, ಬರಿಗಾಲಲ್ಲಿ.

ಸದ್ದು ಕೇಳಿ ಮಮತಾ, ಚೈತ್ರಶ್ರೀ ಓಡಿ ಬಂದರು. ಕಾಲು ಸೋತು ಬಿದ್ದಿರಬೇಕೆಂದು ತಿಳಿದು ಎತ್ತಿ ಹಿತ್ತಲ ಕಟ್ಟೆಯ ಮೇಲೆ ಕೂರಿಸಿದರು. ಜಂಪಣ್ಣ ತಂತಿಯ ಕಡೆ ಕೈ ತೋರಿಸಿದ.

"ಟವೆಲ್ ಬಿದ್ದೈತಲ್ಲ ಮಾವ, ನಾನು ಹಾಕ್ತೀನಿ ತಡೀರಿ," ಎಂದು ಮಮತಾ ಟವೆಲನ್ನೆತ್ತಿಕೊಂಡು ತಂತಿಯತ್ತ ಹೆಜ್ಜೆ ಹಾಕಿದಳು.

ಜಂಪಣ್ಣನ ಜೀವ ಬಾಯಿಗೆ ಬಂತು. "ಅನ್ನ, ಅನ್ನ," ಎಂದು ಅರಚಿದ. ಮಮತಾ ತಿರುಗಿ ನೋಡಿ, ಪಾಪ ಹಸಿದಿದ್ದಾರೆ ಎಂದುಕೊಂಡು, ಟವೆಲನ್ನು ಹೆಗಲಿಗೆ ಎಸೆದುಕೊಂಡು ಒಳಗೆ ಹೋಗಿ ತಟ್ಟೆ ತಂದಳು. ಜಂಪಣ್ಣ ಮತ್ತೆ ಕೈ ತೋರಿಸಲಿಲ್ಲ. ಕೈ ತೋರಿಸಿದಷ್ಟೂ ಇವರು ಅದರ ಹತ್ತಿರವೇ ಹೋಗುತ್ತಾರೆ ಎಂಬುದು ಅವನಿಗೆ ಗೊತ್ತಾಗಿತ್ತು. ಏಳಲು ನೋಡಿದ. ಕಾಲು ತನ್ನದಲ್ಲವೆಂಬಂತೆ ಬಿದ್ದುಕೊಂಡಿತ್ತು.

ತಟ್ಟೆಯನ್ನು ತಳ್ಳಿ, ಕಟ್ಟೆಯ ಮೇಲೆ ಬೆರಳಿನಿಂದ ಚೂರು ಜೋಡಿಸುವಂತೆ ಮಾಡಿ ತೋರಿಸಿದ. ಚೈತ್ರಶ್ರೀಗೆ ಅರ್ಥವಾಯಿತು. ಮೊರ ತಂದು ಮುಂದಿಟ್ಟಳು. ಜಂಪಣ್ಣ ಎಡಗೈಯಿಂದ ಕೆದಕಿದ. ತಂತಿ ಎಂಬ ಪದ ಯಾವ ಕರಪತ್ರದಲ್ಲಿ ಇರುತ್ತದೆ? ಸಿಕ್ಕಿದ್ದನ್ನೇ ಇಟ್ಟ. ಜವಳಿ ಅಂಗಡಿಯ ಬಟ್ಟೆ. ಕರೆಂಟಿನವರ ವಿದ್ಯುತ್. ಚೌಡಕ್ಕನಿಗೆ ಬದಲಾಗಿ ಲಸಿಕೆಯ ಚೀಟಿಯ ತಾಯಿ. ಕೊನೆಗೆ, ಹುಡುಕಿ ಹುಡುಕಿ, ಇರುವುದಿಲ್ಲ.

"ಬಟ್ಟೆ, ವಿದ್ಯುತ್. ತಾಯಿ ಇರುವುದಿಲ್ಲ." ಮಮತಾ ಗಟ್ಟಿಯಾಗಿ ಓದಿದಳು. ಅವಳ ಕಣ್ಣು ಒದ್ದೆಯಾಯಿತು. ಮಾವನಿಗೆ ತೀರಿಹೋದ ಅವ್ವನ ಸೀರೆ ನೆನಪಾಗಿದೆ ಎಂದು ಮಗಳಿಗೆ ಬಿಡಿಸಿ ಹೇಳಿದಳು. ಚೈತ್ರಶ್ರೀ ಚಪ್ಪಾಳೆ ತಟ್ಟಿದಳು. ಮಮತಾ ಫೋಟೋ ತೆಗೆದು ಟೀಚರುಗಳ ಗ್ರೂಪಿಗೆ ಹಾಕಿದಳು.

ಲಕ್ವ ಹೊಡೆದ ದಿನವೂ ಜಂಪಣ್ಣ ಅಷ್ಟು ಹೆದರಿರಲಿಲ್ಲ. ಅಂದು ಮಾತು ಹೋಗಿತ್ತು, ಅಷ್ಟೇ. ಇಂದು ಇರುವ ಮಾತನ್ನೆಲ್ಲ ಹುಡುಕಿ ಮುಂದಿಟ್ಟರೂ ಅದನ್ನು ಮೆಚ್ಚಿಕೊಂಡು ಕೂತಿದ್ದಾರೆ. ಅವರ ಮೇಲೆ ಸಿಟ್ಟು ಬಂತು, ಆಟದ ಮೇಲೆ ಸಿಟ್ಟು ಬಂತು, ನಕ್ಕು ನಕ್ಕು ಅವರಿಗೆ ಇದನ್ನು ಕಲಿಸಿದ ತನ್ನ ಮೇಲೇ ಹೆಚ್ಚು ಸಿಟ್ಟು ಬಂತು.

ಹಿತ್ತಲ ಬಾಗಿಲು ಕಿರ್ರೆಂದಿತು. ಚೌಡಕ್ಕ ಒಳಬಂದು ಬಕೆಟ್ ಇಳಿಸಿದಳು. ಸೀರೆಯೊಂದನ್ನೆತ್ತಿ ಹಿಂಡಿದಳು. ಗಂಡ ಅನ್ನ ಅನ್ನ ಎನ್ನುತ್ತಿದ್ದುದು ಅವಳಿಗೆ ದಿನದ ಮಾತು, ತಿರುಗಿಯೂ ನೋಡಲಿಲ್ಲ. ಸೀರೆ ಕೊಡವಿ ತಂತಿಯ ಕಡೆ ನಡೆದಳು.

ಜಂಪಣ್ಣನ ಎಡಗೈ ತಾನಾಗಿಯೇ ಮುಷ್ಟಿಯಾಗಿ ತುಟಿಯ ಹತ್ತಿರ ಬಂತು.

"ಜಗಳೂರು ಪಟ್ಟಣದ ಮಹಾಜನರಲ್ಲಿ ವಿನಂತಿ."

ವರ್ಷಗಟ್ಟಲೆ ಬಾಯಿಪಾಠವಾದ ಮಾತು, ಹಳೆಯ ದನಿ, ಒಂದಕ್ಷರವೂ ಮುಕ್ಕಾಗದೆ. ಚೌಡಕ್ಕ ಸೀರೆ ಹಿಡಿದ ಕೈಯನ್ನು ಹಾಗೇ ಎತ್ತಿಕೊಂಡು ನಿಂತಳು. ತಂತಿ ಅವಳ ಕೈಗೆ ಗೇಣು ದೂರದಲ್ಲಿತ್ತು. ಜಂಪಣ್ಣನಿಗೆ ಮುಂದಿನದನ್ನು ಯೋಚಿಸಲು ಭಯವಾಯಿತು. ಯೋಚಿಸಿದರೆ ಮಾತು ಓಡಿಹೋಗುತ್ತದೆ. ನಾಲಿಗೆಯನ್ನು ಅದರ ಪಾಡಿಗೆ ಬಿಟ್ಟ. "ನಾಳೆ ಬೆಳಿಗ್ಗೆಯಿಂದ ಸಂಜೆಯವರೆಗೆ ವಿದ್ಯುತ್ ಇರುವುದಿಲ್ಲ. ಸಾರ್ವಜನಿಕರು ಸಹಕರಿಸಬೇಕು."

ಮಾತು ಮುಗಿಯಿತು. ಚೌಡಕ್ಕ ನಿಧಾನವಾಗಿ ತಿರುಗಿ ಗಂಡನನ್ನು ನೋಡಿದಳು. ಅವನ ಕಣ್ಣು ಅವಳ ಮೇಲಿರಲಿಲ್ಲ, ತಂತಿಯ ಮೇಲಿತ್ತು. ತಂತಿಯ ಕೆಳಗೆ ಅವನ ಒಂಟಿ ಚಪ್ಪಲಿ ಬಿದ್ದಿತ್ತು. ಅವಳು ಕೈ ಇಳಿಸಿ ಹಿಂದಕ್ಕೆ ಸರಿದಳು.

"ಮಮತಾ, ಕೂಸನ್ನ ಒಳಕ್ಕೆ ಕರ್ಕೊಂಡು ಹೋಗು. ತಂತೀಲಿ ಕರೆಂಟ್ ಐತೆ."

ಲೈನ್‌ಮನ್ ಬಂದು ಟೆಸ್ಟರ್ ತಾಗಿಸಿದ. ಅದು ಕೆಂಪಗೆ ಉರಿದುದನ್ನು ಎಲ್ಲರೂ ನೋಡಿದರು. ಮಮತಾಳ ಮೊಬೈಲು ಮಾತ್ರ ಟಿಣ್ ಟಿಣ್ ಎನ್ನುತ್ತಲೇ ಇತ್ತು. ಗ್ರೂಪಿನವರು ಕವನಕ್ಕೆ ಹೂವು ಕಳಿಸುತ್ತಿದ್ದರು. ಅವಳು ಮೊಬೈಲನ್ನು ಬೋರಲು ಹಾಕಿ, ಮಾವನ ಕಾಲ ಬಳಿ ಕೂತು ಅತ್ತಳು. ಜಂಪಣ್ಣ ಅವಳ ತಲೆ ಸವರಿ ಅನ್ನ ಎಂದ. ಆ ವಿನಂತಿ ಬಂದ ದಾರಿಯಲ್ಲೇ ಹೊರಟುಹೋಗಿತ್ತು. ಇನ್ನೊಂದು ಸಲ ಬೇಕಾದಾಗ ಬರದಿದ್ದರೆ ಎಂಬ ಹೆದರಿಕೆ ಮಾತ್ರ ಅವನ ಎದೆಯಲ್ಲಿ ಉಳಿಯಿತು.

ಕೆಲವು ದಿನ ಮೊರ ಅಟ್ಟದಲ್ಲೇ ಇತ್ತು. ಕೊನೆಗೆ ಇಳಿಸಿದವಳು ಚೌಡಕ್ಕ. "ಆಡ್ರಿ, ಬ್ಯಾಡ ಅನ್ನಲ್ಲ. ಆದ್ರೆ ಇವರು ಜೋಡಿಸಿದ್ದಕ್ಕೆ ಚಪ್ಪಾಳೆ ಹೊಡೆಯಾಕೆ ಮುಂಚೆ ಸುತ್ತ ಒಂದ್ಸಲ ನೋಡ್ರಿ."

ಸಂಜೆ ಓಣಿಯವರು ಸೇರಿದರು. ಜಂಪಣ್ಣ ಬಹಳ ಹೊತ್ತು ಕೆದಕಿ, ಉಚಿತ ಎಮ್ಮೆ ನಾಳೆ ತಪ್ಪದೇ ಬನ್ನಿ ಎಂದು ಜೋಡಿಸಿದ. ಯಾರೂ ನಗಲಿಲ್ಲ. ಮಮತಾ ಎದ್ದು ಒಲೆ ನೋಡಿ ಬಂದಳು. ಚೈತ್ರಶ್ರೀ ಹಿತ್ತಲಿಗೆ ಓಡಿದಳು. ಚಿಕ್ಕಹನುಮಂತಪ್ಪ ಕೋಲೂರಿಕೊಂಡು ಬೀದಿಯ ಎರಡೂ ಕಡೆ ನಿಜಕ್ಕೂ ಎಮ್ಮೆ ಇದೆಯೇ ಎಂದು ನೋಡಿ ಬಂದ. ಚೌಡಕ್ಕ ಗಂಡನ ಹಣೆ ಮುಟ್ಟಿ, ಕಣ್ಣು ನೋಡಿ, ಎಲ್ಲ ಸರಿ ಐತೆ ಎಂದಳು. ಆಮೇಲೆ ಎಲ್ಲರೂ ಕೂತು ಚಪ್ಪಾಳೆ ಹೊಡೆದರು. ಜಂಪಣ್ಣ ನಗುತ್ತ ನಗುತ್ತ ಅತ್ತುಬಿಟ್ಟ.